ಕಾರ್ಲ್ ಫರ್ಡಿನಾಂಡ್ ಫಾನ್ ಗ್ರೇಫ

ಕಾರ್ಲ್ ಫರ್ಡಿನಾಂಡ್ ಫಾನ್ ಗ್ರೇಫ (೧೭೮೭–೧೮೪೦) ಜರ್ಮನಿಯ ಶಸ್ತ್ರವೈದ್ಯರು. ವಾರ್ಸಾದಲ್ಲಿ ಜನಿಸಿದ ಇವರು ೧೮೧೦ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಮೂರನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗು ಕಳೆದುಕೊಂಡ ಬಂಡಿ ಹೊಡೆಯುವವನೊಬ್ಬನಿಗೆ ಹಣೆಯ ಚರ್ಮದಿಂದ ಹೊಸ ಮೂಗು ರೂಪಿಸಿದ ವಾರ್ತೆ ೧೭೯೪ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ, ಯೂರೋಪಿನ ವೈದ್ಯರಲ್ಲಿ ಈ ವಿದ್ಯೆಯ ಕುತೂಹಲ ಕೆರಳಿಸಿತ್ತು. ಗ್ರೇಫರ ‘ರೈನೋಪ್ಲಾಸ್ಟಿಕ್’ ಗ್ರಂಥ ೧೮೧೮ರಲ್ಲಿ ಪ್ರಕಟವಾಯಿತು. ‘ಬ್ಲೆಫರೋಪ್ಲಾಸ್ಟಿ’ ಎಂಬ ಹೆಸರನ್ನು ಇಟ್ಟವರೂ ಇವರೇ. ಆಗ ಅದು ಅಂದದ ಚಿಕಿತ್ಸೆಯಾಗಿರಲಿಲ್ಲ. ಕ್ಯಾನ್ಸರಿನಿಂದ ವಿಕಾರಗೊಂಡ ರೆಪ್ಪೆಯ ಮರುರಚನೆಯಾಗಿತ್ತು. ರೆಪ್ಪೆಯ ಮೊದಲ ಕಾರ್ಯವೇ ಕಣ್ಣನ್ನು ಮುಚ್ಚಿ ಕಾಯುವುದು. ಇಂದಿನ ಸೌಂದರ್ಯ ಚಿಕಿತ್ಸೆಯಲ್ಲಿಯೂ ಚರ್ಮವನ್ನು ಮಿತಿಮೀರಿ ತೆಗೆದರೆ ಕಣ್ಣು ಪೂರ್ಣವಾಗಿ ಮುಚ್ಚದೆ, ಕಾರ್ನಿಯಾ ಒಣಗಿ ದೃಷ್ಟಿಗೇ ಕುಂದುಂಟಾಗಬಹುದು. ಹ್ಯಾನೋವರಿನ ಯುವರಾಜನ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ತೆರಳಿದ್ದ ಗ್ರೇಫರು ಅಲ್ಲಿಯೇ ನಿಧನರಾದರು. ಮಗ ಆಲ್ಬ್ರೆಕ್ಟ್ ಮುಂದೆ ಪ್ರಖ್ಯಾತ ನೇತ್ರವೈದ್ಯರಾದರು.