ಮಲಗಿದ್ದು ಏಳಬೇಕು: ಸರ್ ಎಂವಿ ಅವರ ಗೇಟು

ಮದ್ದೂರು ಕಡೆಯಿಂದ ಪ್ಯಾಸೆಂಜರ್ ರೈಲಲ್ಲಿ ಬರೋರಿಗೆ ಹನಕೆರೆ ಅಂದ್ರೆ ಅಲಾರಂ ಇದ್ದಂಗೆ. ಮುಂದಿನ ಸ್ಟೇಷನ್ನೇ ಮಂಡ್ಯ. ಅಸೈನ್‌ಮೆಂಟ್ ಮುಗಿಸ್ತಾ ಕೂತಿದ್ದವರು ಟಪಕ್ ಅಂತ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕ್ತಾರೆ. ಶಟ್‌ಡೌನ್ ಮಾಡೋರು ಯಾರೂ ಇಲ್ಲ. ಮುಚ್ಚಿದ್ರೆ ಮಲಗುತ್ತೆ, ತೆಗೆದ್ರೆ ಏಳುತ್ತೆ ಅನ್ನೋ ನಂಬಿಕೆ. ಹೆಚ್ಚು ಸಲ ಏಳುತ್ತೆ ಕೂಡ. ಏಳದೆ ಹೋಗೋದು ವೈವಾ ದಿನ, ಸೇವ್ ಮಾಡದ ಕೋಡು ಒಳಗಿದ್ದಾಗ.

ಈ ಮಲಗೋದು ಏಳೋದರ ತಲೆನೋವು ಕಂಪ್ಯೂಟರಿಗಿಂತ ಹಳೆಯದು. ಅದನ್ನ ನೂರಿಪ್ಪತ್ತು ವರ್ಷದ ಹಿಂದೆ ಎದುರಿಸಿದವರು ನಮಗೆಲ್ಲ ಗೊತ್ತಿರೋರೇ. ಪ್ರತಿ ಸೆಪ್ಟೆಂಬರ್ 15ಕ್ಕೆ ಅವರ ಫೋಟೋಗೆ ಹಾರ ಹಾಕ್ತೀವಿ. ರೈಲಿನ ಹಳಿ ಬಿರುಕು ಬಿಟ್ಟದ್ದನ್ನ ಕಂಡುಹಿಡಿದ ಕಥೆ, ಎರಡು ಮೇಣದಬತ್ತಿಯ ಕಥೆ ಎರಡನ್ನೂ ಪ್ರತಿ ವರ್ಷ ಕೇಳ್ತೀವಿ. ಈ ಲೇಖನದಲ್ಲಿ ಅವೆರಡೂ ಇಲ್ಲ. ಇಲ್ಲಿರೋದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಒಂದು ಗೇಟು, ಮತ್ತೆ ಆ ಗೇಟಿನ ಸುತ್ತ ಅವರ ಬದುಕು.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1881ರಲ್ಲಿ ಬಿ.ಎ. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಕೆಲಸ, ನಾಸಿಕದಲ್ಲಿ. ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರು ಕೊಟ್ಟರು, ಕಾಲುವೆ ನೀರನ್ನ ರೈತರಿಗೆ ಸರದಿ ಪ್ರಕಾರ ಹಂಚುವ ಬ್ಲಾಕ್ ಪದ್ಧತಿ ತಂದರು. ಹೀಗೆ ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ ಪುಣೆ ಪಕ್ಕದ ಖಡಕ್‌ವಾಸ್ಲಾ ಜಲಾಶಯದ ಪ್ರಶ್ನೆ ಎದುರಾಯಿತು.

ಪ್ರಶ್ನೆ ಇಷ್ಟೇ. ಪುಣೆಗೂ ಕಾಲುವೆಗೂ ನೀರು ಸಾಲ್ತಿಲ್ಲ. ಮಳೆಗಾಲದಲ್ಲಿ ನೋಡಿದ್ರೆ ಕೋಡಿ ಮೇಲೆ ನೀರು ಸುಮ್ಮನೆ ಹರಿದು ಹೋಗ್ತಿದೆ. ಕೋಡಿಯನ್ನ ಎತ್ತರಿಸಿ ಕಟ್ಟಬಹುದಲ್ಲ ಅಂತ ನಮಗನ್ನಿಸುತ್ತೆ. ಆದ್ರೆ ಕೋಡಿಯ ಗೋಡೆ ಏರಿಸಿದ್ರೆ ಪ್ರವಾಹ ಬಂದ ದಿನ ನೀರು ಅದಕ್ಕಿಂತಲೂ ಮೇಲೆ ಏರುತ್ತೆ, ಆ ಹೊರೆ ಹಳೇ ಅಣೆಕಟ್ಟಿನ ಮೇಲೆ ಬೀಳುತ್ತೆ. ಬೇಕಾಗಿದ್ದದ್ದು ಸಾಮಾನ್ಯ ದಿನ ಇರುವ, ಪ್ರವಾಹದ ದಿನ ಇಲ್ಲವಾಗುವ ಒಂದು ಗೋಡೆ.

ಗೇಟು ಹಾಕಿ, ಆಳು ಇಟ್ಟು, ಪ್ರವಾಹ ಬಂದಾಗ ತೆಗೆಸೋಣ ಅಂದ್ರೆ ಇನ್ನೊಂದು ತೊಡಕು. ಪ್ರವಾಹ ರಾತ್ರಿ ಹೊತ್ತಲ್ಲಿ, ಜಡಿಮಳೆಯಲ್ಲೂ ಬರಬಹುದು. ಕಾವಲುಗಾರನಿಗೆ ಜ್ವರ ಬಂದಿರಬಹುದು, ದಾರಿ ಕೊಚ್ಚಿಹೋಗಿರಬಹುದು, ಮೇಲಿನ ಊರಿಂದ ಸುದ್ದಿ ತಲುಪದೇ ಇರಬಹುದು. ವರ್ಷದಲ್ಲಿ ಮುನ್ನೂರು ಚಿಲ್ಲರೆ ದಿನ ಸುಮ್ಮನೆ ನಿಂತಿದ್ದ ಗೇಟು ಆ ಒಂದು ರಾತ್ರಿ ತೆಗೆಯದೇ ಇದ್ದರೆ ಕೆಳಗೆ ಇರೋದು ಪುಣೆ.

ಇಲ್ಲಿ ಲ್ಯಾಪ್‌ಟಾಪ್ ಕಡೆ ಸ್ವಲ್ಪ ತಿರುಗೋಣ. ನಾವು ನಿದ್ದೆ ಪರೀಕ್ಷೆ ಮಾಡೋದು ಹೇಗೆ? ಸ್ಲೀಪ್‌ಗೆ ಹೋದ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಮಾತ್ರ ಎಚ್ಚರವಾಗಿರುತ್ತೆ, ಉಳಿದದ್ದು ಹೆಚ್ಚುಕಡಿಮೆ ಎಲ್ಲಾ ಆಫ್. ಪವರ್ ಬಟನ್ನು, ಮುಚ್ಚಳದ ಸೆನ್ಸರ್ ಇವನ್ನ ಒಂದು ಸಣ್ಣ ಕಂಟ್ರೋಲರ್ ಕಾಯ್ತಾ ಇರುತ್ತೆ. ಲಿನಕ್ಸ್‌ನಲ್ಲಿ ಆರ್‌ಟಿಸಿವೇಕ್ ಅನ್ನೋ ಕಮ್ಯಾಂಡ್ ಕೊಟ್ರೆ ಮಷೀನ್ ಮಲಗಿ, ಒಳಗಿನ ಗಡಿಯಾರ ಮೂವತ್ತು ಸೆಕೆಂಡ್ ಎಣಿಸಿ ತಾನೇ ಎಬ್ಬಿಸುತ್ತೆ. ಅದನ್ನ ಲೂಪ್‌ಗೆ ಹಾಕಿ ಮೆಸ್‌ಗೆ ಹೋಗಿ ಬಂದ್ರೆ ಎಷ್ಟೋ ಸುತ್ತು ಮುಗಿದಿರುತ್ತೆ. ಎಷ್ಟು ಸಲ ಗೆದ್ದಿತು, ಎಷ್ಟು ಸಲ ಸೋತಿತು ಅಂತ ಕರ್ನಲ್ಲೇ ಲೆಕ್ಕ ಇಟ್ಟಿರುತ್ತೆ. ಇನ್ನೂ ಸೂಕ್ಷ್ಮ ಬೇಕಾ, ಪಿಎಂ ಟೆಸ್ಟ್ ಇದೆ. ಮೊದಲು ಪ್ರೋಗ್ರಾಂಗಳನ್ನ ಮಾತ್ರ ನಿಲ್ಲಿಸು, ಐದು ಸೆಕೆಂಡ್ ಕಾದು ವಾಪಸ್ ಬಾ. ಆಮೇಲೆ ಡ್ರೈವರ್‌ಗಳ ತನಕ ಹೋಗಿ ವಾಪಸ್ ಬಾ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬಹುದು. ಯಾವ ಮೆಟ್ಟಿಲಲ್ಲಿ ಮುಗ್ಗರಿಸಿತೋ ಅಲ್ಲೇ ಹುಳುಕು.

ಇನ್ನೊಂದು ಲೆಕ್ಕ ಪ್ರಾಬಬಿಲಿಟಿ ಕ್ಲಾಸಲ್ಲಿ ನಿದ್ದೆ ಮಾಡಿದೋರಿಗೆ. ನೂರು ಸಲ ಮಲಗಿಸಿ ನೂರೂ ಸಲ ಎದ್ದಿತು ಅಂದುಕೊಳ್ಳಿ. ಇದು ಸೋಲೋದೇ ಇಲ್ಲ ಅಂತ ಅರ್ಥ ಅಲ್ಲ. ಮೂರನ್ನ ಪ್ರಯೋಗಗಳ ಸಂಖ್ಯೆಯಿಂದ ಭಾಗಿಸಿ. ನೂರಕ್ಕೆ ಮೂರರ ತನಕ ಸೋಲಿನ ಸಾಧ್ಯತೆ ಇನ್ನೂ ಇದ್ದೇ ಇದೆ ಅಂತ ಶೇಕಡಾ 95ರ ಭರವಸೆಯಲ್ಲಿ ಹೇಳಬಹುದು, ಅಷ್ಟೇ. ಅದನ್ನ ಶೇಕಡಾ ಒಂದಕ್ಕೆ ಇಳಿಸೋಕೆ ಮುನ್ನೂರು ಸುತ್ತು ಬೇಕು. ಲ್ಯಾಪ್‌ಟಾಪ್‌ಗೆ ಮುನ್ನೂರು ಸುತ್ತು ಒಂದು ರಾತ್ರಿ ಕೆಲಸ.

ಖಡಕ್‌ವಾಸ್ಲಾದ ಗೇಟಿಗೆ? ದೊಡ್ಡ ಪ್ರವಾಹ ಬರೋದು ವರ್ಷಕ್ಕೊಂದು ಸಲ, ಬಂದ್ರೆ. ಮುನ್ನೂರು ಸುತ್ತಿಗೆ ಮುನ್ನೂರು ವರ್ಷ. ಎಣಿಸಿ ನಂಬಿಕೆ ಗಳಿಸುವ ದಾರಿ ವಿಶ್ವೇಶ್ವರಯ್ಯನವರಿಗೆ ಇರಲೇ ಇಲ್ಲ. ಅವರು ಹಿಡಿದದ್ದು ಇನ್ನೊಂದು ದಾರಿ: ಕೈಕೊಡಬಹುದಾದದ್ದನ್ನೆಲ್ಲ ಒಂದೊಂದಾಗಿ ಕಿತ್ತುಹಾಕೋದು. ಮೋಟಾರ್ ಬೇಡ, ಕಾವಲುಗಾರ ಬೇಡ, ತಂತಿ ಸಂದೇಶ ಬೇಡ. ಗೇಟಿನ ತೂಕಕ್ಕೆ ಎದುರುತೂಕ ಕೊಟ್ಟು ಸಮ ಮಾಡಿದರು. ನೀರು ಗೊತ್ತುಪಡಿಸಿದ ಮಟ್ಟ ದಾಟಿದಾಗ ಆ ನೀರೇ ಸಮತೋಲ ತಪ್ಪಿಸಿ ಗೇಟು ತೆಗೆಯುತ್ತೆ. ಮಟ್ಟ ಇಳಿದಾಗ ಗೇಟು ತಾನೇ ಮುಚ್ಚಿಕೊಳ್ಳುತ್ತೆ. ಎಬ್ಬಿಸೋ ಸುದ್ದಿ, ಎಬ್ಬಿಸೋ ಶಕ್ತಿ ಎರಡೂ ಬರೋದು ಪ್ರವಾಹದಿಂದಲೇ. ಪ್ರವಾಹ ಬಂದಿದೆ ಅಂದ್ರೆ ಇವೆರಡೂ ಬಂದಿವೆ ಅಂತಲೇ ಅರ್ಥ. ನನಗೆ ಅವರ ಎಲ್ಲಾ ಕೆಲಸಗಳಲ್ಲಿ ಇದೇ ಹೆಚ್ಚು ಇಷ್ಟ, ಕೆಆರ್‌ಎಸ್‌ಗಿಂತಲೂ.

1903ರಲ್ಲಿ ಗೇಟುಗಳು ನಿಂತವು. ಅಣೆಕಟ್ಟು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲಿಸಬಹುದಾಯಿತು. ವಿನ್ಯಾಸಕ್ಕೆ ಪೇಟೆಂಟ್ ಕೂಡ ಆಯಿತು. ಸರ್ಕಾರಿ ಕೆಲಸದಲ್ಲಿದ್ದಾಗ ಮಾಡಿದ್ದು ಅಂತ ಅವರು ರಾಯಲ್ಟಿ ಮುಟ್ಟಲಿಲ್ಲ.

ಮುಂದೆ ಗ್ವಾಲಿಯರ್ ಹತ್ತಿರದ ತಿಗ್ರಾ ಅಣೆಕಟ್ಟಿನ ಜೊತೆಗೂ ಇದೇ ಬಗೆಯ ಗೇಟುಗಳ ಹೆಸರು ಸೇರಿಕೊಂಡಿದೆ. ಆ ಅಣೆಕಟ್ಟು 1917ರ ಆಗಸ್ಟಿನಲ್ಲಿ ಒಡೆದು ಕೆಳಗೆ ದೊಡ್ಡ ಸಾವುನೋವಾಯಿತು. ನೀರು ಇಳಿದದ್ದು ಅಡಿಪಾಯದ ಮರಳುಗಲ್ಲಿನೊಳಕ್ಕೆ. ಗೇಟು ಎಷ್ಟೇ ಚೆನ್ನಾಗಿ ಏಳಲಿ, ಕೆಳಗಿನ ಕಲ್ಲು ಹಿಡಿಯದಿದ್ದರೆ ಏನೂ ಉಳಿಯಲ್ಲ. ರೆಸ್ಯೂಮ್ ಆಯಿತು ಅಂತ ಕರ್ನಲ್ ಲೆಕ್ಕದಲ್ಲಿ ಬರೆದುಕೊಂಡು, ವೈಫೈ ಮಾತ್ರ ಸತ್ತು ಬಿದ್ದಿರೋ ಲ್ಯಾಪ್‌ಟಾಪ್ ನೋಡಿದೋರಿಗೆ ಇದು ಬೇಗ ಅರ್ಥವಾಗುತ್ತೆ. ಒಂದು ಭಾಗ ಪಾಸಾದ್ರೆ ಮಷೀನ್ ಪಾಸ್ ಅಂತ ಅಲ್ಲ.

1906ರಲ್ಲಿ ಏಡನ್‌ಗೆ ಹೋಗಿ ನೀರು, ಚರಂಡಿಯ ಯೋಜನೆ ಮಾಡಿಕೊಟ್ಟು ಬಂದರು. ಮುಂಬಯಿ ಪ್ರಾಂತ್ಯದಲ್ಲಿ ಭಾರತೀಯರಿಗೆ ಚೀಫ್ ಎಂಜಿನಿಯರ್ ಕುರ್ಚಿ ಸಿಗೋದಿಲ್ಲ ಅಂತ ಗೊತ್ತಿತ್ತು. 1908ರಲ್ಲಿ ಕೆಲಸ ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ 28ಕ್ಕೆ ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಇವರನ್ನ ಕರೆಸಿಕೊಂಡಿತು. ಊರಿನ ಮೇಲ್ಭಾಗದಲ್ಲಿ ಮೂಸಿ ಮತ್ತು ಈಸಿ ನದಿಗಳಿಗೆ ಪ್ರವಾಹ ತಡೆಯುವ ಜಲಾಶಯ ಕಟ್ಟಬೇಕು ಅಂತ ವರದಿ ಕೊಟ್ಟರು. ಅವೇ ಆಮೇಲೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ. ಪ್ರವಾಹ ತಡೆಯೋ ಜಲಾಶಯದಲ್ಲಿ ಒಂದಷ್ಟು ಜಾಗ ಖಾಲಿ ಬಿಟ್ಟಿರಬೇಕು. ಎಷ್ಟೋ ವರ್ಷ ಯಾರಿಗೂ ಕಾಣದೆ ಖಾಲಿ ಇರೋದೇ ಆ ಜಾಗದ ಕೆಲಸ. ಇಂಥದಕ್ಕೆ ದುಡ್ಡು ಕೊಡಿ ಅಂತ ಒಂದು ಸರ್ಕಾರವನ್ನ ಒಪ್ಪಿಸೋದು, ಗೇಟು ಮಾಡೋದಕ್ಕಿಂತ ಕಷ್ಟ ಅನ್ಸುತ್ತೆ.

1909ರ ನವೆಂಬರಿನಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು. ಇಲ್ಲಿಂದ ಕಥೆ ನಮ್ಮ ಜಿಲ್ಲೆಗೆ ಬರುತ್ತೆ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದಲೇ ಕರೆಂಟು ಹುಟ್ಟುತ್ತಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಯೋಜನೆ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಿದ್ದರು. ಆ ಕಾಲಕ್ಕೆ ಅದು ದೊಡ್ಡ ಸಾಹಸ. ಆದ್ರೆ ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿತ್ತು, ನದಿ ಜೊತೆ ಕರೆಂಟೂ ಸೊರಗುತ್ತಿತ್ತು. ಗಣಿಯ ಯಂತ್ರಕ್ಕೆ ಮಳೆಗಾಲ, ಬೇಸಿಗೆ ಅಂತ ಇಲ್ಲ. ಜುಲೈನಲ್ಲಿ ಧಾರಾಳವಾಗಿ ಕೊಟ್ಟು ಏಪ್ರಿಲ್‌ನಲ್ಲಿ ಕೈಯೆತ್ತಿದ್ರೆ ಅದು ನಂಬಬಹುದಾದ ಸರಬರಾಜಲ್ಲ. ಕನ್ನಂಬಾಡಿಯಲ್ಲಿ ಅಣೆಕಟ್ಟು ಬೇಕು ಅನ್ನೋದಕ್ಕೆ ಇದ್ದ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಕಬ್ಬು, ಭತ್ತದ ಕಥೆ ನಮಗೆ ಚೆನ್ನಾಗಿ ಗೊತ್ತು. ಶಿವನಸಮುದ್ರಕ್ಕೆ ವರ್ಷವಿಡೀ ನೀರು ಕಳಿಸೋ ಲೆಕ್ಕಾಚಾರವನ್ನ ಅಷ್ಟಾಗಿ ಯಾರೂ ಹೇಳೋದಿಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿದರು. 1911ರಲ್ಲಿ ಕೆಲಸ ಶುರುವಾಯಿತು. ಮದ್ರಾಸ್ ಸರ್ಕಾರ ತಕರಾರು ತೆಗೆದು, 80 ಅಡಿಗಿಂತ ಎತ್ತರ ಬೇಡ ಅಂದಿತು. ವಿಶ್ವೇಶ್ವರಯ್ಯನವರು ಮೇಲಕ್ಕೆ 80 ಅಡಿಗೆ ಒಪ್ಪಿಕೊಂಡು, ತಳವನ್ನ ಮಾತ್ರ ಪೂರ್ತಿ ಎತ್ತರಕ್ಕೆ ಬೇಕಾದಷ್ಟೇ ಅಗಲಕ್ಕೆ ಹಾಕಿಸಿದರು. ಅನುಮತಿ ಬಂದ ದಿನ ಏರಿಸಿದ್ರಾಯ್ತು ಅಂತ. ಬರದೇ ಇದ್ದಿದ್ದರೆ ಅಷ್ಟೂ ಕಲ್ಲು, ಗಾರೆ ದಂಡ ಅಂತ ಬೈಸಿಕೊಳ್ಳುತ್ತಿದ್ದರು. ಎರಡು ರಾಜ್ಯಗಳ ಜಗಳ ಪಂಚಾಯ್ತಿ ಹತ್ತಿ ಒಪ್ಪಂದವಾದದ್ದು 1924ರಲ್ಲಿ. ಸಿಮೆಂಟಿಲ್ಲದೆ, ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಎದ್ದ ಆ ಕಟ್ಟೆಗೂ ತಾವೇ ತೆರೆದುಕೊಳ್ಳುವ ಗೇಟುಗಳನ್ನ ಹಾಕಿದರು. ಹಳೇ ಕನ್ನಂಬಾಡಿ ಮತ್ತು ಸುತ್ತಿನ ಹಳ್ಳಿಗಳು ನೀರಿನೊಳಗೆ ಹೋದವು. ಆ ಜನ ಊರು ಬಿಟ್ಟರು ಅನ್ನೋದನ್ನ ಹಾರ ಹಾಕೋ ದಿನವೂ ನೆನಪಿಡೋದು ಒಳ್ಳೇದು.

1912ರಿಂದ 1918ರ ತನಕ ದಿವಾನರು. ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಎಲ್ಲಾ ಆ ಆರು ವರ್ಷದ ಫಸಲು. ಬಿಟ್ಟು ಹೊರಟದ್ದು ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ವಿಷಯದಲ್ಲಿ ಮಹಾರಾಜರ ಜೊತೆ ಹೊಂದದೆ. ಈ ವಿಷಯದಲ್ಲಿ ನಾನು ಮಹಾರಾಜರ ಕಡೆ. ನಮ್ಮ ಕ್ಲಾಸಿನಲ್ಲಿ ಕೂತಿರೋರಲ್ಲಿ ಅರ್ಧ ಜನ ಮಹಾರಾಜರ ಆ ದಾರಿ ಹಿಡಿದೇ ಇಲ್ಲಿಗೆ ಬಂದೋರು.

ಅವರು ದಿವಾನಗಿರಿ ಬಿಟ್ಟು ಎಷ್ಟೋ ವರ್ಷವಾದ ಮೇಲೆ, ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ, ಹುಲಿಕೆರೆಯ ಸುರಂಗ ಕೊರೆದು ಇರ್ವಿನ್ ನಾಲೆ ಮಂಡ್ಯದ ಕಡೆ ಹರಿಯಿತು. ಅದೇ ಇವತ್ತಿನ ವಿ.ಸಿ. ನಾಲೆ. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹೊಲಗಳು ಗದ್ದೆಗಳಾದವು. ಹನಕೆರೆಯಲ್ಲಿ ರೈಲಿನ ಕಿಟಕಿಯಿಂದ ಕಾಣೋ ಹಸಿರಿನ ಹಿಂದೆ ಇರೋದು ಈ ಕಥೆಯೇ.

1955ರಲ್ಲಿ ಭಾರತರತ್ನ ಬಂತು. 1960ರ ಸೆಪ್ಟೆಂಬರಿನಲ್ಲಿ ದೇಶ ಅವರ ನೂರನೇ ವರ್ಷ ಆಚರಿಸಿ ಅಂಚೆಚೀಟಿ ತಂದಿತು. ಅವರಿನ್ನೂ ಬದುಕಿದ್ದರು.

ಮರುವರ್ಷ, 1961ರ ಜುಲೈ 12ರಂದು, ಖಡಕ್‌ವಾಸ್ಲಾದ ಮೇಲ್ಭಾಗದಲ್ಲಿ ಆಗಿನ್ನೂ ಕೆಲಸ ನಡೆಯುತ್ತಿದ್ದ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಒಂದು ಇಡೀ ಜಲಾಶಯದ ನೀರು ಒಟ್ಟಿಗೆ ಖಡಕ್‌ವಾಸ್ಲಾಕ್ಕೆ ಬಂದು ಬಿತ್ತು. ಯಾವ ಕೋಡಿಯೂ, ಯಾವ ಗೇಟೂ ಆ ಲೆಕ್ಕಕ್ಕೆ ಮಾಡಿದ್ದಲ್ಲ. ಅದೇ ದಿನ ಖಡಕ್‌ವಾಸ್ಲಾ ಕಟ್ಟೆಯೂ ಕಿತ್ತು ಪುಣೆಯೊಳಗೆ ನೀರು ನುಗ್ಗಿತು. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿದ್ದರು. 1903ರ ಆ ಗೇಟುಗಳು ಆ ಹೊತ್ತಿಗೆ 58 ಮಳೆಗಾಲ ಕಂಡಿದ್ದವು. ಒಂಬತ್ತು ತಿಂಗಳ ಮೇಲೆ, 1962ರ ಏಪ್ರಿಲ್ 14ರಂದು ಅವರು ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ.