ಕೋರಾದ ಸಿಂಹಬಂಧು ಜಾರ್ಜ್ ಆಡಮ್ಸನ್

ಪರನಾಡಿನ ಕಾಡಿಗೆ ಹೋಗಿ, ಅಲ್ಲಿಯ ಮೃಗಗಳ ಸೇವೆಯಲ್ಲಿ ಬಾಳನ್ನು ಸವೆಸಿದವರನ್ನು ನೆನೆಯುವಾಗ ನನ್ನ ಮನಸ್ಸಿಗೆ ಮೊದಲು ಬರುವ ಹೆಸರು ಜಾರ್ಜ್ ಆಡಮ್ಸನ್ನರದು. ಅವರ ಪತ್ನಿ ಜಾಯ್ ಆಡಮ್ಸನ್ನರು 1960ರಲ್ಲಿ ಪ್ರಕಟಿಸಿದ ‘ಬಾರ್ನ್ ಫ್ರೀ’ ಪುಸ್ತಕದಿಂದ ಎಲ್ಸಾ ಎಂಬ ಸಿಂಹಿಣಿಯನ್ನು ಲೋಕವೇ ಬಲ್ಲುದು. ಅದನ್ನು ಕಾಡಿನ ಬಾಳಿಗೆ ಅಣಿಗೊಳಿಸುವಲ್ಲಿ ಸಮಭಾಗಿಯಾಗಿದ್ದ ಆಕೆಯ ಪತಿಯನ್ನು ಬಲ್ಲವರು ಅಷ್ಟು ಮಂದಿ ಇಲ್ಲ.

ಆಡಮ್ಸನ್ನರು ಹುಟ್ಟಿದ್ದು ನಮ್ಮ ದೇಶದಲ್ಲಿಯೇ, ಇಂದಿನ ಉತ್ತರ ಪ್ರದೇಶದ ಇಟಾವಾದಲ್ಲಿ, 1906ರ ಫೆಬ್ರವರಿ 3ರಂದು. ಇಂಗ್ಲೆಂಡಿನಲ್ಲಿ ಓದಿ, 1924ರಲ್ಲಿ ಕೆನ್ಯಾದಲ್ಲಿದ್ದ ತಂದೆಯ ಕಾಫಿ ತೋಟಕ್ಕೆ ದುಡಿಯಲು ಹೋದರು. ತೋಟದ ಕೆಲಸ ಹಿಡಿಸಲಿಲ್ಲ. ಚಿನ್ನ ಹುಡುಕಿದರು, ಆಡುಗಳ ವ್ಯಾಪಾರ ಮಾಡಿದರು, ಬೇಟೆಗಾರರಾದರು. ಕೊನೆಗೆ 1938ರಲ್ಲಿ ಕೆನ್ಯಾದ ವನ್ಯಮೃಗ ಇಲಾಖೆಯನ್ನು ಸೇರಿ, ಉತ್ತರದ ಗಡಿನಾಡಿನ ಒಣ ಬಯಲುಗಳಲ್ಲಿ ಕಾವಲಿಗೆ ನಿಂತರು. ಕೊಲ್ಲುವ ಕಸುಬನ್ನು ಬಲ್ಲ ಕೈಯೇ ಕಾಯುವ ಕಸುಬನ್ನೂ ಕಲಿಯಿತು. 1944ರಲ್ಲಿ ಜಾಯ್ ಅವರೊಡನೆ ವಿವಾಹವಾಯಿತು.

1956ರ ಫೆಬ್ರವರಿ 1ರಂದು, ಮೇಲೆರಗಿ ಬಂದ ಸಿಂಹಿಣಿಯೊಂದನ್ನು ಆಡಮ್ಸನ್ನರು ಗುಂಡಿಕ್ಕಿ ಕೊಲ್ಲಬೇಕಾಯಿತು. ಅದು ತನ್ನ ಮೂರು ಮರಿಗಳನ್ನು ರಕ್ಷಿಸಲು ಹಾಗೆ ಎರಗಿತ್ತೆಂಬುದು ಆಮೇಲೆ ತಿಳಿಯಿತು. ಆ ತಬ್ಬಲಿಗಳನ್ನು ಅವರು ಮನೆಗೆ ತಂದರು. ದೊಡ್ಡವೆರಡು ರಾಟರ್‌ಡ್ಯಾಮಿನ ಮೃಗಾಲಯಕ್ಕೆ ಹೋದವು. ಎಲ್ಲಕ್ಕಿಂತ ಸಣ್ಣದಾದ ಎಲ್ಸಾ ಅವರ ಬಳಿಯೇ ಬೆಳೆಯಿತು.

ಸಾಕಿದ ಸಿಂಹವನ್ನು ಕಾಡಿಗೆ ಬಿಡುವುದೆಂದರೆ ಪಂಜರದ ಬಾಗಿಲನ್ನು ತೆರೆಯುವಷ್ಟು ಸುಲಭವಲ್ಲ. ಅದಕ್ಕೆ ಬೇಟೆಯ ಅಭ್ಯಾಸವಿಲ್ಲ. ಕೂಡಿ ಬಾಳಲು ಬಳಗವಿಲ್ಲ. ತನ್ನದೆಂಬ ಸೀಮೆಯೂ ಇಲ್ಲ. ಕಾಡಿನ ಸಿಂಹಗಳು ಅದನ್ನು ಪರಕೀಯವೆಂದು ಓಡಿಸುತ್ತವೆ, ಕೆಲವೊಮ್ಮೆ ಕೊಲ್ಲುತ್ತವೆ. ಆದುದರಿಂದ ಕಾಡಿನಲ್ಲಿ ಜೊತೆಗೆ ನಡೆದು, ಬೇಟೆಯನ್ನು ಪರಿಚಯಿಸಿ, ಮನುಷ್ಯನ ಕೈಯ ಆಹಾರವನ್ನು ಕ್ರಮೇಣ ತಗ್ಗಿಸಬೇಕು. ಎಲ್ಸಾ ಈ ಶಿಕ್ಷಣದಲ್ಲಿ ಗೆದ್ದಿತು. 1959ರ ಡಿಸೆಂಬರಿನಲ್ಲಿ ಕಾಡಿನ ಗಂಡು ಸಿಂಹದಿಂದ ಮೂರು ಮರಿಗಳನ್ನು ಪಡೆಯಿತು. ಆದರೆ 1961ರ ಜನವರಿಯಲ್ಲಿ, ಉಣ್ಣೆಗಳು ಹರಡುವ ರೋಗಕ್ಕೆ ಬಲಿಯಾಯಿತು. ಅದೇ ವರ್ಷ ಆಡಮ್ಸನ್ನರು ಸರಕಾರಿ ಹುದ್ದೆಯನ್ನು ಬಿಟ್ಟರು.

ಎಲ್ಸಾಳ ಕಥೆ ಚಲನಚಿತ್ರವಾದಾಗ ಅದರ ಸಿಂಹಗಳ ಹೊಣೆ ಅವರದಾಯಿತು. ಚಿತ್ರ ಮುಗಿದ ಬಳಿಕ ಅವುಗಳಲ್ಲಿ ಕೆಲವನ್ನು ಮೇರುವಿನ ಕಾಡಿಗೆ ಒಯ್ದರು. 1970ರಲ್ಲಿ ತಾನಾ ನದಿಯ ತೀರದ ಕೋರಾಕ್ಕೆ ಬಂದು ಬಿಡಾರ ಹೂಡಿದರು. ಲಂಡನ್ನಿನ ಅಂಗಡಿಯಲ್ಲಿ ಮಾರಾಟವಾಗಿದ್ದ ಕ್ರಿಶ್ಚಿಯನ್ ಎಂಬ ಸಿಂಹವೂ ಆ ವರ್ಷವೇ ಅಲ್ಲಿಗೆ ಬಂದಿತು. ತಮ್ಮ ಟೆರೆನ್ಸ್ ದಾರಿಗಳನ್ನು ಕಡಿದು ಬಿಡಾರವನ್ನು ಕಟ್ಟಿಕೊಟ್ಟರು. ಇಂಗ್ಲೆಂಡಿನ ತರುಣ ಟೋನಿ ಫಿಟ್ಜ್‌ಜಾನ್ 1971ರಲ್ಲಿ ನೆರವಿಗೆ ಬಂದು, 1975ರಲ್ಲಿ ಸಿಂಹವೊಂದರ ದಾಳಿಯಿಂದ ಸಾವಿನ ಅಂಚನ್ನು ಕಂಡರೂ ಸೇವೆಯನ್ನು ಬಿಡಲಿಲ್ಲ. ಸೌಕರ್ಯವಿಲ್ಲದ ಆ ಮರುಭೂಮಿಯಂತಹ ಕಾಡಿಗೆ ಬಂದವರನ್ನು ಕರೆತಂದುದು ಅಲ್ಲಿಯ ಕೆಲಸವೇ ಹೊರತು ಬೇರೇನೂ ಅಲ್ಲವೆಂದು ನಾನು ತಿಳಿಯುತ್ತೇನೆ.

ಆಡಮ್ಸನ್ನರನ್ನು ಬರಿಯ ಪ್ರಾಣಿಪ್ರಿಯರೆಂದು ಹೊಗಳಿ ಮುಗಿಸುವುದು ನನಗೆ ಒಪ್ಪಿಗೆಯಾಗದು. ಚಲನಚಿತ್ರದ ದಿನಗಳಿಂದ ಅವರ ಜೊತೆಗಿದ್ದ ಬಾಯ್ ಎಂಬ ಸಿಂಹ 1971ರಲ್ಲಿ ಬಿಡಾರದ ಕೆಲಸಗಾರನೊಬ್ಬನನ್ನು ಕೊಂದಿತು. ಅದನ್ನು ಆಡಮ್ಸನ್ನರು ತಮ್ಮ ಕೈಯಾರೆ ಗುಂಡಿಕ್ಕಿ ಕೊಂದರು. ಮನುಷ್ಯನ ಭಯವನ್ನು ಮರೆತ ಸಿಂಹದಿಂದ ಇಂತಹ ಆಪತ್ತು ಬರುವುದೆಂದು ಅನೇಕರು ಎಚ್ಚರಿಸಿದ್ದರು. ಕೆಲವೇ ಮೃಗಗಳಿಗೆ ಇಷ್ಟು ಶ್ರಮವೇಕೆ, ಕಾಡನ್ನು ಉಳಿಸಿದರೆ ಸಾಲದೇ ಎಂಬ ವಾದವೂ ಇತ್ತು. ಈ ಆಕ್ಷೇಪಗಳು ಹುರುಳಿಲ್ಲದವಲ್ಲ. ಸತ್ತವನ ಮನೆಯವರ ಮುಂದೆ ಸಿಂಹಪ್ರೀತಿಯ ಮಾತು ಸಮಾಧಾನವಾಗಲಾರದು. ಆದರೂ ಆಡಮ್ಸನ್ನರ ಸಿಂಹಗಳಿಂದಾಗಿಯೇ ಲೋಕದ ಕಣ್ಣು ಕೋರಾದ ಮೇಲೆ ಬಿದ್ದಿತು. 1973ರಲ್ಲಿ ಅದು ರಕ್ಷಿತ ಪ್ರದೇಶವಾಯಿತು. ಒಂದೊಂದು ಮೃಗದ ಮೇಲಿನ ಮಮತೆಯೇ ಒಂದು ಕಾಡಿಗೆ ಕಾವಲಾದುದನ್ನು ಆ ವಾದಕ್ಕೆ ನಾನು ಉತ್ತರವಾಗಿ ಇಡುತ್ತೇನೆ.

ಕಳ್ಳಬೇಟೆಗಾರರೂ ದರೋಡೆಕಾರರೂ ಹೆಚ್ಚಿದರೂ ಮುದುಕರು ಸ್ಥಳವನ್ನು ಬಿಡಲಿಲ್ಲ. 1980ರ ಜನವರಿಯಲ್ಲಿ ಜಾಯ್ ಕೊಲೆಯಾದರು. 1989ರ ಆಗಸ್ಟ್ 20ರಂದು, ದರೋಡೆಕಾರರ ಕೈಗೆ ಸಿಕ್ಕ ಅತಿಥಿಯೊಬ್ಬರನ್ನು ಬಿಡಿಸಲು 83 ವರ್ಷದ ಆಡಮ್ಸನ್ನರು ತಮ್ಮ ವಾಹನವನ್ನು ಗುಂಡುಗಳ ಕಡೆಗೇ ಓಡಿಸಿದರು. ಅವರೂ ಅವರ ಇಬ್ಬರು ಕೆನ್ಯನ್ ಸಹಾಯಕರೂ ಹತರಾದರು. ಅತಿಥಿಯ ಜೀವ ಉಳಿಯಿತು.

ಕೋರಾದ ಮಣ್ಣಿನಲ್ಲಿ, ಟೆರೆನ್ಸ್ ಪಕ್ಕದಲ್ಲಿ ಅವರ ಸಮಾಧಿಯಿದೆ. ಮರುವರ್ಷ, 1990ರಲ್ಲಿ, ಕೋರಾ ರಾಷ್ಟ್ರೀಯ ಉದ್ಯಾನವಾಯಿತು. ಇಟಾವಾದಲ್ಲಿ ಹುಟ್ಟಿದ ಬೇಟೆಗಾರನೊಬ್ಬನು ಆಫ್ರಿಕಾಕ್ಕೆ ಸಲ್ಲಿಸಿದ ಋಣ ಅದು.