ಕೆ. ಟಿ. ಪಾಲ್: ಧರ್ಮನಿಷ್ಠೆ, ಯುವಸಂಘಟನೆ ಮತ್ತು ರಾಷ್ಟ್ರೀಯತೆ

ವಸಾಹತುಕಾಲದ ಭಾರತೀಯ ಕ್ರೈಸ್ತರು ಆಳುವವರ ಧರ್ಮಕ್ಕೆ ಸೇರಿದವರೆಂಬ ಅನುಮಾನವನ್ನು ಎದುರಿಸಬೇಕಾಗಿತ್ತು. ಈ ಇಕ್ಕಟ್ಟಿಗೆ ತಮ್ಮ ಕಾರ್ಯದ ಮೂಲಕ ಉತ್ತರಿಸಿದವರಲ್ಲಿ ಕೆ. ಟಿ. ಪಾಲ್ ಪ್ರಮುಖರು.

1876ರಲ್ಲಿ ಸೇಲಂನಲ್ಲಿ ಜನಿಸಿದ ಪಾಲ್ ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. 1905ರಲ್ಲಿ ಸಿರಾಂಪುರದಲ್ಲಿ ಸ್ಥಾಪನೆಗೊಂಡ ನ್ಯಾಷನಲ್ ಮಿಷನರಿ ಸೊಸೈಟಿಯಲ್ಲಿ ವಿ. ಎಸ್. ಅಜರಯ್ಯ ಅವರೊಡನೆ ದುಡಿದರು. ಭಾರತೀಯರದೇ ಹಣ, ಭಾರತೀಯರದೇ ಆಡಳಿತ ಎಂಬುದು ಆ ಸಂಸ್ಥೆಯ ಸಂಕಲ್ಪವಾಗಿತ್ತು.

1844ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ವೈ.ಎಂ.ಸಿ.ಎ. ಭಾರತದಲ್ಲಿ ವಿದೇಶಿಯರ ನೇತೃತ್ವದಲ್ಲಿಯೇ ಬೆಳೆದಿತ್ತು. 1916ರಲ್ಲಿ ಪಾಲ್ ಅದರ ರಾಷ್ಟ್ರೀಯ ಮಂಡಳಿಯ ಮೊದಲ ಭಾರತೀಯ ಪ್ರಧಾನ ಕಾರ್ಯದರ್ಶಿಯಾದರು. ನಗರದ ವಿದ್ಯಾವಂತ ಯುವಕರಿಗೆ ಸೀಮಿತವಾಗಿದ್ದ ಸಂಘದ ದೃಷ್ಟಿಯನ್ನು ಅವರು ಹಳ್ಳಿಗಳತ್ತ ತಿರುಗಿಸಿದರು. ಸಾಲದ ಹೊರೆಯಲ್ಲಿದ್ದ ಬಡ ರೈತರಿಗಾಗಿ ಸಹಕಾರ ಸಂಘಗಳು ರೂಪುಗೊಂಡವು. ತಿರುವಾಂಕೂರಿನ ಮಾರ್ತಾಂಡಂನಲ್ಲಿ ಜೇನುಸಾಕಣೆ, ಕೋಳಿಸಾಕಣೆಗಳನ್ನು ಕಲಿಸುವ ಗ್ರಾಮ ಪುನರ್ರಚನಾ ಕೇಂದ್ರವೂ ಬೆಳೆಯಿತು. ಹಸಿದವನ ಬದುಕನ್ನು ಮುಟ್ಟದ ಧರ್ಮಸೇವೆ ಅಪೂರ್ಣವೆಂಬ ನಿಲುವು ಈ ಕಾರ್ಯದ ಹಿಂದಿತ್ತು.

ರಾಜಕೀಯದಲ್ಲಿಯೂ ಪಾಲ್ ಅವರದು ಇದೇ ಜಾಡು. 1930ರ ದುಂಡುಮೇಜಿನ ಪರಿಷತ್ತಿಗೆ ಅವರು ಕ್ರೈಸ್ತ ಪ್ರತಿನಿಧಿಯಾಗಿ ತೆರಳಿದರು. ಆದರೆ ಪ್ರತ್ಯೇಕ ಮತದಾರ ಕ್ಷೇತ್ರಗಳು ಸಮುದಾಯವನ್ನು ರಕ್ಷಿಸುವ ಬದಲು ಒಂಟಿಯಾಗಿಸುತ್ತವೆ ಎಂಬುದು ಅವರ ಚಿಂತನೆಯ ತಿರುಳಾಗಿತ್ತು. ಸ್ವಸಮುದಾಯದ ಹಲವರಿಗೆ ಇದು ಒಪ್ಪಿತವಾಗಲಿಲ್ಲ.

1931ರಲ್ಲಿ ಪಾಲ್ ನಿಧನರಾದರು. 1935ರ ಕಾಯಿದೆ ಕ್ರೈಸ್ತರಿಗೆ ಪ್ರತ್ಯೇಕ ಕ್ಷೇತ್ರಗಳನ್ನು ನೀಡಿತು. ಅವರ ನಿಲುವು ಸೋತಂತೆ ಕಂಡಿತು. ಆದರೆ 1949ರಲ್ಲಿ ಸಂವಿಧಾನ ಸಭೆಯು ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನೂ ಕೈಬಿಟ್ಟಾಗ, ಕ್ರೈಸ್ತ ನಾಯಕರು ಅದಕ್ಕೆ ಸಮ್ಮತಿಸಿದ್ದು ಗಮನಾರ್ಹ. ಪಾಲ್ ಅವರು ಹಿಡಿದ ದಾರಿಗೆ ದೊರೆತ ತಡವಾದ ಮನ್ನಣೆಯೆಂದು ಇದನ್ನು ಗ್ರಹಿಸಬಹುದು.